ಮೇಲಿನ ಹಾಳೆ

ಗಂಗಲಕ್ಷ್ಮಮ್ಮ ಚಿತ್ರ ಬರೆಯತೊಡಗಿದ್ದು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ. ದೊಡ್ಡಬಳ್ಳಾಪುರದ ಒಂದು ನೇಕಾರರ ಬೀದಿಯಲ್ಲಿ ಹುಟ್ಟಿ, ಅದೇ ಊರಿನ ಇನ್ನೊಂದು ಬೀದಿಗೆ ಸೊಸೆಯಾಗಿ ಹೋದವರು ಅವರು. ಮದುವೆಯ ಅರಿಶಿನ ಮಾಸುವ ಮೊದಲೇ ಲಾಳಿಯ ಕಂಡಿಕೆಗೆ ನೂಲು ಸುತ್ತಲು ಕೂತವರು, ಡಾಕ್ಟರು ನೂಲಿನ ಕಡೆ ಕಣ್ಣು ಹಾಯಿಸಲೂ ಬಾರದು ಎಂದು ಕಟ್ಟುನಿಟ್ಟು ಮಾಡುವವರೆಗೆ ಸುತ್ತುತ್ತಲೇ ಇದ್ದರು. ಕೈ ಸುಮ್ಮನಿರದು. ಅಟ್ಟದ ಮೇಲೆ ಸೀರೆಯ ಡಿಸೈನ್ ಬರೆಯುವ ಚೌಕಳಿ ಹಾಳೆಗಳ ಕಟ್ಟೊಂದು ಧೂಳು ತಿನ್ನುತ್ತಿತ್ತು; ಕಂಪ್ಯೂಟರ್ ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಮೊಮ್ಮಗಳು ಬಿಟ್ಟುಹೋಗಿದ್ದ ಕ್ರೇಯಾನುಗಳ ಡಬ್ಬಿಯೂ ಇತ್ತು. ಗಂಗಲಕ್ಷ್ಮಮ್ಮ ಹಾಳೆಯ ಬೆನ್ನ ಮೇಲೆ ಬರೆಯತೊಡಗಿದರು.

ಮೊದಲು ಬರೆದದ್ದು ಕನ್ನಡಿಯಲ್ಲಿ ಕಂಡ ತಮ್ಮದೇ ಮುಖ. ಆಸ್ಪತ್ರೆಯಲ್ಲಿ ಒಂದು ಕಣ್ಣಿಗೆ ಹಸಿರು ಬಟ್ಟೆಯ ಪಟ್ಟಿ ಕಟ್ಟಿದ್ದರು. ಡಬ್ಬಿಯಲ್ಲಿ ಹಸಿರು ಕಡ್ಡಿ ಮುಗಿದಿದ್ದರಿಂದ ಆ ಜಾಗಕ್ಕೆ ನೇರಳೆ ಹಚ್ಚಿದರು. ಆಮೇಲೆ ಗಂಡ ಪಿಳ್ಳಪ್ಪನವರನ್ನು ಬರೆದರು, ಬರೆದರು, ಬರೆಯುತ್ತಲೇ ಹೋದರು. ಬಾಯಿ ತೆರೆದು ನಿದ್ದೆ ಮಾಡುವ ಪಿಳ್ಳಪ್ಪ, ತಲೆಗೆ ಟವಲು ಸುತ್ತಿ ಬೇಯಿಸಿದ ಕಡಲೆಕಾಯಿ ಸುಲಿಯುವ ಪಿಳ್ಳಪ್ಪ, ಕರೆಂಟು ಹೋದಾಗ ಮಗ್ಗದ ಚೌಕಟ್ಟಿನ ಮೇಲೆ ಹತ್ತಿ ಜಕಾರ್ಡಿನ ಸಿಕ್ಕು ಬಿಡಿಸುವ ಪಿಳ್ಳಪ್ಪ. ಸೀರೆಯ ಅಂಚಿಗೆ ಹೂವು ಮೂಡಿಸುವ ಜಕಾರ್ಡು ಮಗ್ಗದ ತಲೆಯ ಮೇಲೆ ಕೂರುವ ದೊಡ್ಡ ಪೆಟ್ಟಿಗೆ. ಅದು ಒಂದು ಹಾಳೆಯಲ್ಲಿ ಹಿಡಿಸಲಿಲ್ಲ. ಗಂಗಲಕ್ಷ್ಮಮ್ಮ ಮೇಲೊಂದು ಹಾಳೆಗೆ ಗೋಂದು ಹಚ್ಚಿ ಅಂಟಿಸಿದರು. ಮೇಲಿನ ಹಾಳೆಯಲ್ಲಿ ಪೆಟ್ಟಿಗೆ, ಇಳಿಬಿದ್ದ ದಾರಗಳು, ದಾರಗಳ ನಡುವೆ ಪಿಳ್ಳಪ್ಪನವರ ಕೈ. ಕೆಳಗಿನ ಹಾಳೆಯಲ್ಲಿ ತೋಳೆತ್ತಿ ನಿಂತ ಪಿಳ್ಳಪ್ಪ, ಬಾಯಿ ಅಗಲಿಸಿ 'ಬ್ಯಾಟರಿ ಈ ಕಡೆ ಹಿಡಿಯೇ' ಎನ್ನುತ್ತಿರುವುದು. ಅವರ ಕಾಲ ಬಳಿ ತಲೆಗೆ ಸೆರಗು ಹೊದ್ದು, ಕಡಿದ ಎಳೆ ಹುಡುಕಲು ಬಗ್ಗಿದ ತಾವು.

ಮೇಘನ ಗಂಗಲಕ್ಷ್ಮಮ್ಮನ ತಮ್ಮನ ಮಗಳು. ಮೈಸೂರಿನಲ್ಲಿ ಚಿತ್ರಕಲೆ ಓದಿ, ಬೆಂಗಳೂರಿನ ಗ್ಯಾಲರಿಗಳಲ್ಲಿ ಅವರಿವರ ಕೈಕೆಳಗೆ ದುಡಿದು, ಈಗ ಊರಿಗೇ ವಾಪಸು ಬಂದಿದ್ದಳು. ಬೆಂಗಳೂರಿನ ಒಂದು ಟ್ರಸ್ಟು ದೊಡ್ಡಬಳ್ಳಾಪುರದಲ್ಲಿ ಮುಚ್ಚಿಹೋಗಿದ್ದ ಮಗ್ಗದ ಶೆಡ್ಡೊಂದನ್ನು ಹಿಡಿದು, ಸುಣ್ಣ ಬಳಿಸಿ, ಪ್ರದರ್ಶನದ ಹಾಲ್ ಮಾಡಿತ್ತು. ಅದರ ಕ್ಯುರೇಟರ್ ಮೇಘನ. ಆ ಕೆಲಸ ಎಂದರೆ ಏನು ಎಂದು ಕೇಳಿದ ಬೀದಿಯವರಿಗೆ ಅವಳ ಅಮ್ಮ, "ಚಿತ್ರ ತಗಲಾಕೋ ಕೆಲಸ ಕಣಮ್ಮ, ಆದ್ರೆ ಆಫೀಸರ್ ಲೆಕ್ಕ" ಎನ್ನುತ್ತಿದ್ದರು. ಮೊದಲ ಪ್ರದರ್ಶನ ಊರಿನವರದೇ ಆಗಬೇಕು ಎಂಬ ಮಾತು ಬಂದಾಗ ಮೇಘನ ಬಹಳ ಹುಡುಕಲಿಲ್ಲ. ಅತ್ತೆಯ ಮನೆಗೆ ಹೋಗಿ ಹಾಳೆಗಳನ್ನೆಲ್ಲ ಕೇಳಿ ತಂದಳು.

"ಇದನ್ನ ನೋಡೋಕೆ ಜನ ಬರ್ತಾರಾ?" ಎಂದು ಗಂಗಲಕ್ಷ್ಮಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಬರ್ದೇ ಇರ್ತಾರಾ? ನನ್ನ ಮುಖ ಇದೆಯಲ್ಲ," ಎಂದರು ಪಿಳ್ಳಪ್ಪ.

ಮೇಘನ ಮೊದಲು ಚಿತ್ರಗಳನ್ನು ಅತ್ತೆ ಬರೆದ ಕ್ರಮದಲ್ಲೇ ಗೋಡೆಗೆ ಒರಗಿಸಿ ನೋಡಿದಳು. ಶೆಡ್ಡಿನ ಕಿಟಕಿಗಳೆಲ್ಲ ತೆರೆದಿದ್ದವು, ಬೆಳಕು ಧಾರಾಳವಾಗಿತ್ತು. ಟ್ರಸ್ಟಿನ ಪರವಾಗಿ ಬಂದು ಹೋಗುತ್ತಿದ್ದ ಪ್ರಮೋದಾ ಎಂಬ ಹಿರಿಯ ಕ್ಯುರೇಟರ್ ಒಂದು ಸುತ್ತು ಹಾಕಿದರು. ನಿದ್ದೆಯ ಚಿತ್ರದ ಮುಂದೆ ಮುಗುಳ್ನಕ್ಕರು, ಕಡಲೆಕಾಯಿಯ ಚಿತ್ರದ ಮುಂದೆ ಇನ್ನೊಮ್ಮೆ ನಕ್ಕರು, ಬಾಗಿಲಿಗೆ ಬಂದುಬಿಟ್ಟರು.

"ಮುದ್ದಾಗಿದೆ ಮೇಘನ. ಆದ್ರೆ ಜನ ನಗ್ತಾರೆ, ಕಾಫಿ ಕುಡೀತಾರೆ, ಹೋಗ್ತಾರೆ. ಯಾರೂ ನಿಲ್ಲಲ್ಲ. ಯಾವುದರ ಪಕ್ಕ ಯಾವುದಿರಬೇಕು ಅಂತ ಇನ್ನೊಂದು ಸಲ ಯೋಚ್ನೆ ಮಾಡು."

ಪ್ರಮೋದಾ ಹೇಳಿದ್ದು ಅಷ್ಟೇ. ಆಮೇಲೆ ಮಾಡಿದ್ದೆಲ್ಲ ಮೇಘನ. ಅದನ್ನು ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

ಚಿತ್ರಗಳಿಗೆ ಗಾಜಿನ ಕಟ್ಟು ಹಾಕಿಸಲು ಕೊಟ್ಟಾಗ ಗೋಂದು ಒಣಗಿ ಉದುರಿ, ಆ ದೊಡ್ಡ ಚಿತ್ರದ ಹಾಳೆಗಳು ಬೇರೆಯಾಗಿದ್ದವು. ಕಟ್ಟು ಹಾಕುವವನು ಫೋನ್ ಮಾಡಿ, "ಮೇಡಂ, ಎರಡೂ ಸೇರ್ಸಿ ಒಂದೇ ಕಟ್ಟಾ?" ಎಂದು ಕೇಳಿದ. ಮೇಘನ ಒಂದು ಗಳಿಗೆ ತಡೆದು, "ಬೇರೆ ಬೇರೆ ಹಾಕಿ" ಎಂದಳು. ಚಿತ್ರಗಳು ಬಂದಾಗ ಕೆಳಗಿನ ಹಾಳೆಯನ್ನು ನೇರಳೆ ಕಣ್ಣಿನ ಮುಖದ ಪಕ್ಕ ಇಟ್ಟು ಹಿಂದೆ ಸರಿದು ನಿಂತಳು. ತೋಳೆತ್ತಿ ಕಿರುಚುತ್ತಿರುವ ಗಂಡಸು. ಅವನ ಕೈ ಚಿತ್ರದಾಚೆ ಎಲ್ಲೋ ಇದೆ. ಕೆಳಗೆ ಮುದುಡಿದ ಹೆಂಗಸು. ಪಕ್ಕದಲ್ಲಿ ಅದೇ ಹೆಂಗಸಿನ ಮುಖ, ಒಂದು ಕಣ್ಣು ಕಪ್ಪು ನೇರಳೆ. ಎಲ್ಲ ಗೊತ್ತಿದ್ದೂ ಮೇಘನ ಬೆಚ್ಚಿದಳು. ಅದರ ಹಿಂದೆಯೇ ಒಂದು ಖುಷಿಯೂ ಬಂತು. ಹಿಡಿಯಬೇಕಾದದ್ದು ಕೈಗೆ ಸಿಕ್ಕಿತು ಎನ್ನುವ ಖುಷಿ.

ಹಾಗಾಗಿ ಕಿಟಕಿಗಳಿಗೆ ಕಪ್ಪು ಬಟ್ಟೆ ಬಂತು. ಆ ಜೋಡಿಯ ಮೇಲೆ ಮಾತ್ರ ಒಂದು ದೀಪ. ಮುಂದಿನ ಗೋಡೆಗೆ ಬೀಗ ಹಾಕಿದ ಬಾಗಿಲಿನ ಚಿತ್ರ. ಗಂಗಲಕ್ಷ್ಮಮ್ಮ ಅದನ್ನು ಬರೆದದ್ದು ಮನೆಯವರೆಲ್ಲ ತಿರುಪತಿಗೆ ಹೋಗಿ ಬಂದ ನೆನಪಿಗೆ. ಹಾಲಿನೊಳಗೆ ಮಗ್ಗದ ಸದ್ದನ್ನು ಸಣ್ಣಗೆ ಕೇಳಿಸುವ ಸ್ಪೀಕರ್. ನಿದ್ದೆಯ ಚಿತ್ರ, ಕಡಲೆಕಾಯಿಯ ಚಿತ್ರ ಹಿಂದಿನ ಕೋಣೆಗೆ ಹೋದವು, ಜಾಗ ಸಾಲದು ಎಂಬ ನೆಪದಲ್ಲಿ. ಮೇಲಿನ ಹಾಳೆಯನ್ನು ಬಚ್ಚಿಡಲಿಲ್ಲ. ಹೊರಹೋಗುವ ಬಾಗಿಲ ಬಳಿ ತೂಗುಹಾಕಿ ಕೆಳಗೆ 'ಯಂತ್ರ' ಎಂದು ಬರೆಸಿದಳು. ಇದರಲ್ಲಿ ಸುಳ್ಳೇನಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಬಾಗಿಲಲ್ಲಿ ಹಾಕಿದ ಪರಿಚಯದ ಫಲಕದಲ್ಲೂ ಸುಳ್ಳಿರಲಿಲ್ಲ: 'ಗಂಗಲಕ್ಷ್ಮಮ್ಮ ಬದುಕಿದ್ದು ಮಗ್ಗದ ಸದ್ದಿನ ನಡುವೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸದೆ ಹೋದದ್ದು ಎಷ್ಟೋ.'

ಪ್ರದರ್ಶನ ಶುರುವಾದ ದಿನ ಬೆಂಗಳೂರಿನಿಂದ ಸಾಕಷ್ಟು ಕಾರುಗಳು ಬಂದವು. ನಗುತ್ತ ಮಾತಾಡುತ್ತ ಒಳಗೆ ಬಂದವರು ಆ ದೀಪದ ಕೆಳಗೆ ಬಂದೊಡನೆ ಗಪ್‌ಚಿಪ್. ಜರಿಯಂಚಿನ ಹತ್ತಿ ಸೀರೆ ಉಟ್ಟ ಹೆಂಗಸೊಬ್ಬರು ಬಹಳ ಹೊತ್ತು ನಿಂತು ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲ ಬಳಿ ಹೊಸ ಸೀರೆಯಲ್ಲಿ ಕೂತಿದ್ದ ಗಂಗಲಕ್ಷ್ಮಮ್ಮನ ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮಷ್ಟು ಧೈರ್ಯ ಎಲ್ಲರಿಗೂ ಇರಲ್ಲಮ್ಮ."

ಗಂಗಲಕ್ಷ್ಮಮ್ಮ ಕಣ್ಣಿನ ಮಾತು ಎಂದುಕೊಂಡರು. "ಅಯ್ಯೋ, ಧೈರ್ಯ ಏನು ಬಂತು ತಾಯಿ. ನೋವೇ ಗೊತ್ತಾಗ್ಲಿಲ್ಲ. ಈಗೆಲ್ಲ ಎಲ್ಲಾರಿಗೂ ಆಗತ್ತೆ, ಬೀದಿಲಿ ಯಾರ ಮನೆಲಿ ಇಲ್ಲ ಹೇಳಿ?"

ಆ ಹೆಂಗಸಿನ ಕಣ್ಣು ಮತ್ತೆ ತುಂಬಿತು. ಮೇಘನ ಪಕ್ಕದಲ್ಲೇ ನಿಂತಿದ್ದಳು. ಇವರು ಹೇಳಿದ್ದೇನು, ಅವರು ಕೇಳಿಸಿಕೊಂಡಿದ್ದೇನು, ಎರಡೂ ತಿಳಿದಿದ್ದ ಜೀವ ಆ ಹಾಲಿನಲ್ಲಿ ಅವಳೊಬ್ಬಳೇ. 'ಅದು ಪೊರೆಯ ಆಪರೇಷನ್ ಮೇಡಂ' ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಮೇಘನ ಒಂದು ಹೆಜ್ಜೆ ಮುಂದಿಟ್ಟಳು. ಅಷ್ಟರಲ್ಲಿ ಪ್ರಮೋದಾ ದೂರದಿಂದ ಹೆಬ್ಬೆರಳೆತ್ತಿ ತೋರಿಸಿದರು. ಮೇಘನ ನಕ್ಕು ಸುಮ್ಮನಾದಳು.

ಪಿಳ್ಳಪ್ಪ ಅವತ್ತು ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಬಿಳಿ ಶರ್ಟು ತೊಟ್ಟು, ಹೊರಗೆ ಬಂದವರಿಗೆಲ್ಲ ನೀರು ಕೊಡುತ್ತಿದ್ದರು. "ನಾನೇ ಸ್ವಾಮಿ ಆ ಚಿತ್ರದಲ್ಲಿರೋದು" ಎಂದು ತಾವಾಗಿಯೇ ಹೇಳಿಕೊಳ್ಳುತ್ತಿದ್ದರು. ಹೇಳಿದಷ್ಟೂ ಜನ ನೀರಿನ ಲೋಟ ಅರ್ಧಕ್ಕೇ ಇಟ್ಟು ಸರಿಯುತ್ತಿದ್ದರು. ಕಾಲೇಜಿನ ಹುಡುಗಿಯೊಬ್ಬಳು ಗಂಗಲಕ್ಷ್ಮಮ್ಮನ ಜೊತೆ ಫೋಟೋ ತೆಗೆಸಿಕೊಳ್ಳುವಾಗ ಪಿಳ್ಳಪ್ಪನೂ ಹೋಗಿ ಪಕ್ಕದಲ್ಲಿ ನಿಂತರು. "ನೀವು ಬೇಡ ಅಂಕಲ್" ಎಂದಳು ಹುಡುಗಿ. ಅವರು "ಸರಿನಮ್ಮ, ಸರಿ" ಎಂದು ಹಿಂದೆ ಬಂದು ಮೇಘನಳಿಗೆ, "ಸಿಟಿ ಜನ, ಅವರಿಗೆ ಆರ್ಟಿಸ್ಟ್ ಒಬ್ಬರೇ ಇರ್ಬೇಕು ಅಂತ ಕಾಣ್ಸತ್ತೆ" ಎಂದರು. ಮೇಘನ ಅವರ ಮುಖ ನೋಡದೆ ಕುರ್ಚಿಗಳನ್ನು ಸರಿಮಾಡಲು ಹೋದಳು.

ಆ ವಾರದಲ್ಲೇ ಯಾರೋ ಮೊಬೈಲಿನಲ್ಲಿ ಮಾಡಿ ಹಾಕಿದ ವಿಡಿಯೋ ರೀಲು ಊರೆಲ್ಲ ಸುತ್ತಿತು. ಎತ್ತಿದ ತೋಳು, ಮುದುಡಿದ ಹೆಂಗಸು, ನೇರಳೆ ಕಣ್ಣು, ಬೀಗದ ಬಾಗಿಲು, ಒಂದರ ಹಿಂದೊಂದು. ಹಿಂದೆ ಮಗ್ಗದ ಸದ್ದು. ಕೊನೆಗೆ ನೀರಿನ ಲೋಟ ಹಿಡಿದು ನಗುತ್ತ ನಿಂತ ಪಿಳ್ಳಪ್ಪ. ಒಂದಕ್ಷರ ಮಾತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮೇಘನ ತಾನು ಗೋಡೆಯ ಮೇಲೆ ಕಟ್ಟಿದ್ದ ಕ್ರಮ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಆ ರೀಲಿನಲ್ಲಿ ಕಂಡಳು. ನೋಡುವವರ ಸಂಖ್ಯೆ ಏರುತ್ತಿತ್ತು. ಟ್ರಸ್ಟಿನವರಿಗೆ ಸಂತೋಷ. ಮೇಘನ ಅತ್ತೆಯ ಬೀದಿಗೆ ಹೋಗುವುದನ್ನು ಬಿಟ್ಟು ಸುತ್ತುದಾರಿ ಹಿಡಿದಳು.

ಗಂಗಲಕ್ಷ್ಮಮ್ಮನ ಒಬ್ಬಳೇ ಮಗಳು ಪವಿತ್ರಳನ್ನು ತ್ಯಾಮಗೊಂಡ್ಲುವಿಗೆ ಕೊಟ್ಟಿದ್ದರು. ಅವಳ ಮಾವ ಗೋವಿಂದರಾಜು ತೋಟ ಇಟ್ಟುಕೊಂಡವರು, ಮಾತು ಕಡಿಮೆ. ಬೀಗಿತ್ತಿಯ ಚಿತ್ರಗಳಿಗೆ ಹೆಸರು ಬಂದಿದೆಯಂತೆ ಎಂದು ಒಂದು ಶನಿವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು. ಪಿಳ್ಳಪ್ಪನ ಮನೆಯಲ್ಲಿ ಒಬ್ಬಟ್ಟಿನ ಅಡುಗೆಯಾಗಿತ್ತು. ಮೊದಲು ಪ್ರದರ್ಶನದ ಹಾಲಿಗೆ ಹೋಗಿ ಬಂದುಬಿಡೋಣ, ಆಮೇಲೆ ಊಟ ಎಂದು ಮಾತಾಗಿತ್ತು. ಗೋವಿಂದರಾಜು ಆ ಜೋಡಿ ಚಿತ್ರದ ಮುಂದೆ ನಿಂತರು. ಬೆನ್ನ ಹಿಂದೆ ಕೈಕಟ್ಟಿ ನಿಂತರು. ಹೊರಗೆ ಬಂದವರು ಬೀಗರ ಮುಖ ನೋಡದೆ, ತೋಟದಲ್ಲಿ ಕೆಲಸದವರು ಕಾಯುತ್ತಾರೆ ಎಂದು ಗಾಡಿ ಹತ್ತಿದರು. ಹೆಂಡತಿ, ಮಗ ಹಿಂದೆಯೇ ಹೋದರು. ಹಾಕಿದ ಎಲೆಗಳು ಹಾಗೇ ಉಳಿದವು.

ಪವಿತ್ರ ಉಳಿದಳು. ಅಡುಗೆಮನೆಯಲ್ಲಿ ತಾಯಿಯನ್ನು ಮೂಲೆಗೆ ನಿಲ್ಲಿಸಿಕೊಂಡು, ಬಾಗಿಲು ಮುಂದೆ ಮಾಡಿ ಕೇಳಿದಳು.

"ಅಮ್ಮ, ನಿಜ ಹೇಳು. ನಾನು ಸ್ಕೂಲಿಗೆ ಹೋದಾಗ ಅಪ್ಪ ನಿನ್ನ ಹೊಡೀತಿದ್ರಾ?"

ಗಂಗಲಕ್ಷ್ಮಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಲೆಯ ಮೇಲಿನ ಸಾರು ಉಕ್ಕಿದರೂ ಗೊತ್ತಾಗಲಿಲ್ಲ.

"ಯಾರೇ ಹೇಳ್ದೋರು ನಿಂಗೆ?"

"ನೀನೇ ಬರ್ದಿದ್ದೀಯಲ್ಲಮ್ಮ."

ಆ ಮಾತು ಬಾಗಿಲಾಚೆ ಜಗಲಿಯಲ್ಲಿದ್ದ ಪಿಳ್ಳಪ್ಪನಿಗೆ ಕೇಳಿಸಿತು.

ಮರುದಿನ ಮಧ್ಯಾಹ್ನ, ಹಾಲಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಪಿಳ್ಳಪ್ಪ ಒಬ್ಬರೇ ಬಂದರು. ಇಷ್ಟು ದಿನ ಬಾಗಿಲಲ್ಲಿ ನಿಂತು ಜನರನ್ನು ಒಳಗೆ ಬಿಟ್ಟವರೇ ಹೊರತು ತಾವು ನಿಧಾನವಾಗಿ ನೋಡಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಬಂದವರ ಹಾಗೆ ಮೆಲ್ಲಗೆ ನಡೆದು ಆ ದೀಪದ ಕೆಳಗೆ ನಿಂತರು. ಮೇಜಿನ ಹಿಂದಿದ್ದ ಮೇಘನಳಿಗೆ ಎದ್ದು ಓಡಿಹೋಗಬೇಕೆನಿಸಿತು.

ಪಿಳ್ಳಪ್ಪ ತಿರುಗದೆಯೇ ಮಾತಾಡಿದರು.

"ಇವನನ್ನ ನೋಡಿದ್ರೆ ನನಗೇ ಭಯ ಆಗತ್ತಲ್ಲ ಮೇಘು."

"ಮಾವ..."

"ನಿನ್ನೆಯಿಂದ ಕೂತು ಯೋಚ್ನೆ ಮಾಡ್ತಿದ್ದೀನಿ, ಯಾವತ್ತಾದ್ರೂ ಹೊಡೆದಿದ್ನಾ ಅಂತ. ಬೈದಿದ್ದೀನಿ. ಉಪ್ಪು ಜಾಸ್ತಿ ಆಯ್ತು ಅಂತ ತಟ್ಟೆ ತಳ್ಳಿದ್ದೂ ಉಂಟು. ಹೊಡೆದದ್ದು ನೆನಪಿಲ್ಲ ಕಣಮ್ಮ. ಆದ್ರೆ ಇಷ್ಟು ಜನ ನೋಡಿ ಹಂಗೆ ಅನ್ಕೊಂಡ್ರು ಅಂದ್ರೆ, ಮಗಳೂ ಅನ್ಕೊಂಡ್ಳು ಅಂದ್ರೆ, ನಾನೇ ಮರ್ತಿದ್ದೀನೇನೋ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಮೇಘನ ತಡೆದುಕೊಳ್ಳುತ್ತಿದ್ದಳು. ಆ ಮನುಷ್ಯ ತನ್ನ ನೆನಪನ್ನೇ ಅನುಮಾನಿಸುತ್ತ ನಿಂತಿದ್ದ. ಅವಳು ಹಿಡಿಯಷ್ಟಾಗಿಹೋದಳು.

"ನೀವು ಮರ್ತಿಲ್ಲ ಮಾವ. ಇದು ನಾನು ಮಾಡಿದ್ದು."

"ನೀನು ಬರ್ದಿಲ್ವಲ್ಲ?"

"ಬರೀಲಿಲ್ಲ. ಹೀಗೆ ಕಾಣೋ ಹಾಗೆ ಇಟ್ಟೆ." ಅವಳು ಹೊರಬಾಗಿಲ ಬಳಿಯಿದ್ದ ಮೇಲಿನ ಹಾಳೆಯನ್ನು ತೋರಿಸಿದಳು. "ನಿಮ್ಮ ಕೈ ಅಲ್ಲಿದೆ."

ಪಿಳ್ಳಪ್ಪ ಅಲ್ಲಿಗೆ ಹೋಗಿ ನೋಡಿದರು. ಜಕಾರ್ಡಿನ ದಾರಗಳ ನಡುವಿನ ತಮ್ಮ ಕೈಯನ್ನು, ಕೆಳಗಿನ 'ಯಂತ್ರ' ಎಂಬ ಅಕ್ಷರಗಳನ್ನು.

"ಗೊತ್ತಿದ್ದೂ ಇಟ್ಯಾ?" ಎಂದು ಕೇಳಿದರು.

"ಗೊತ್ತಿತ್ತು ಮಾವ."

ಅವರು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು, ಬಿಸಿಲಿನಲ್ಲಿ ಹೊರಟುಹೋದರು. ಮೇಘನ ಕಪ್ಪು ಬಟ್ಟೆಯ ಕತ್ತಲೆಯಲ್ಲಿ ಕೂತಳು. ಸ್ಪೀಕರಿನಲ್ಲಿ ಮಗ್ಗ ಬಡಿದುಕೊಳ್ಳುತ್ತಲೇ ಇತ್ತು. ಅದನ್ನು ಆರಿಸಬೇಕೆಂದು ಅವಳಿಗೆ ಹೊಳೆದದ್ದೇ ಬಹಳ ತಡವಾಗಿ.

ಸಂಜೆಗೆ ಗಂಗಲಕ್ಷ್ಮಮ್ಮ ಬಂದರು. ಅವರಿಗೆ ಆ ಹಾಲಿನ ಕತ್ತಲೆಯಲ್ಲಿ ಮೊದಲ ದಿನ ಏನೂ ಸರಿಯಾಗಿ ಕಂಡಿರಲಿಲ್ಲ. ತಮ್ಮ ಹಾಳೆಗೆ ಕಟ್ಟು, ಗಾಜು, ದೀಪ ಎಂಬ ಸಂಭ್ರಮದಲ್ಲೇ ಹೊರಗೆ ಬಂದಿದ್ದರು. ಈಗ ಗೋಡೆಯಿಂದ ಗೋಡೆಗೆ ಹೋಗಿ, ಮೂಗು ತಗಲುವಷ್ಟು ಹತ್ತಿರದಿಂದ ನೋಡಿದರು.

"ನಿದ್ದೆ ಮಾಡ್ತಿರೋದು ಎಲ್ಲಿ?"

"ಹಿಂದಿನ ರೂಮಲ್ಲಿದೆ ಅತ್ತೆ."

"ಕಡಲೆಕಾಯಿದು?"

"ಅದೂ."

"ಅವು ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿದ್ವು."

ಗಂಗಲಕ್ಷ್ಮಮ್ಮ ಸ್ಟೂಲಿನ ಮೇಲೆ ಕೂತರು. "ಈ ಮಗ್ಗದ ಚಿತ್ರ ಬರೆಯೋವಾಗ ಅವರು ಹಿಂದಿನಿಂದ ಬಗ್ಗಿ ನೋಡಿ, ನನ್ನ ಹೊಟ್ಟೆ ಇಷ್ಟು ದಪ್ಪ ಬರ್ದಿದ್ದೀಯಲ್ಲೇ ಅಂದ್ರು. ನಾನು ನಕ್ಕು ನಕ್ಕು ಸಾಕಾಯ್ತು. ಹಂಗೆ ನಗ್ತಾ ಬರ್ದಿದ್ದನ್ನ ತಗೊಂಡು..." ಮಾತು ಅರ್ಧಕ್ಕೇ ಬಿಟ್ಟು ಇಷ್ಟೇ ಹೇಳಿದರು: "ಒಂದು ಮಾತು ನನ್ನ ಕೇಳ್ಬೋದಿತ್ತು ಕಣೇ."

ಸೋಮವಾರ ಪ್ರದರ್ಶನಕ್ಕೆ ರಜೆ. ಬೆಳಿಗ್ಗೆಯೇ ಅತ್ತೆ ಸೊಸೆ ಇಬ್ಬರೂ ಸೇರಿ ಕಪ್ಪು ಬಟ್ಟೆ ಕಿತ್ತು ಕಿಟಕಿ ತೆರೆದರು. ಕಟ್ಟು ಬಿಚ್ಚಿ ಎರಡು ಹಾಳೆಗಳನ್ನು ಸೇರಿಸಿ ಅಂಟಿಸಿದರು. ಹಿಂದಿನ ಕೋಣೆಯ ಚಿತ್ರಗಳು ಗೋಡೆಗೆ ಬಂದವು. ನೇರಳೆ ಕಣ್ಣಿನ ಕೆಳಗೆ 'ಪೊರೆ ತೆಗೆದ ವಾರ' ಎಂದು ಬರೆಸಿದರು. ಬಾಗಿಲಿನ ಫಲಕ ಕಸಕ್ಕೆ ಹೋಯಿತು. ಪ್ರಮೋದಾ ಬಂದು ನೋಡಿ, "ಈಗ ಇದು ಒಂದು ಮನೆ ಆಲ್ಬಂ ಆಯ್ತು" ಎಂದರು. "ಮೊದಲು ಇದ್ದದ್ದು ಜನರ ಮೇಲೆ ಕೆಲಸ ಮಾಡ್ತಿತ್ತು ಮೇಘನ."

"ಯಾರ ಮೇಲೆ ಅಂತ ಗೊತ್ತಾಯ್ತು ಮೇಡಂ," ಎಂದಳು ಮೇಘನ. ಪ್ರಮೋದಾ ಅವರ ಮುಖವೂ ಸ್ವಲ್ಪ ಇಳಿದಿತ್ತು.

ಎಲ್ಲ ಸರಿಹೋಯಿತು ಎಂದು ಮೇಘನ ನಂಬಿದ್ದು ಮಂಗಳವಾರದವರೆಗೆ. ರೀಲು ನೋಡಿಕೊಂಡು ಬಂದ ಜನ ಹೊಸ ಜೋಡಣೆಯಲ್ಲಿ ಹಳೆಯದನ್ನೇ ಹುಡುಕಿದರು. ಎರಡು ಹಾಳೆ ಸೇರಿದ ಚಿತ್ರದ ಮುಂದೆ ನಿಂತು, ಮೇಲಿನ ಅರ್ಧವನ್ನು ಅಂಗೈಯಿಂದ ಮರೆಮಾಡಿ ಫೋಟೋ ತೆಗೆದರು. "ನೋಡು, ಇದನ್ನ ಆಮೇಲೆ ಅಂಟಿಸಿದ್ದಾರೆ, ಗೋಂದು ಇನ್ನೂ ಹಸಿ ಇದೆ" ಎಂದು ಯುವಕನೊಬ್ಬ ಗೆಳತಿಗೆ ಹೇಳಿದ. "ಗಂಡ ಗಲಾಟೆ ಮಾಡಿರ್ತಾನೆ. ಪಾಪ, ಆಯಮ್ಮನ ಬಾಯಿ ಮುಚ್ಚಿಸಿದ್ರು." ಅವನ ಹಿಂದೆ ನಿಂತಿದ್ದ ಮೇಘನಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ತಿದ್ದಲು ಹೊರಟದ್ದೇ ಪಿಳ್ಳಪ್ಪನ ಮೇಲಿನ ಇನ್ನೊಂದು ಆರೋಪವಾಗಿ ಹುಟ್ಟಿತ್ತು. ಚಿತ್ರ ಎತ್ತಿಟ್ಟು ಬೇರೆ ಕಡೆ ತೂಗುಹಾಕಿದರೆ ತೀರುವ ತಪ್ಪಲ್ಲ ಇದು ಎಂದು ಅವಳಿಗೆ ಆಗ ಖಚಿತವಾಯಿತು. ಬಾಯಿಬಿಟ್ಟು ಹೇಳಬೇಕು, ತನ್ನ ಹೆಸರಿನಲ್ಲಿ ಹೇಳಬೇಕು.

ಆ ಭಾನುವಾರ ಟ್ರಸ್ಟಿನವರು ಮಾತುಕತೆಯೊಂದನ್ನು ಇಟ್ಟುಕೊಂಡಿದ್ದರು. ಮೇಘನ ತನ್ನ ಸರದಿಯಲ್ಲಿ ಎದ್ದು ನಿಂತು, ಬರೆದು ತಂದಿದ್ದನ್ನು ಪಕ್ಕಕ್ಕಿಟ್ಟಳು. ಯಾವ ಚಿತ್ರ ಯಾವುದು, ಯಾವುದನ್ನು ಯಾವುದರ ಪಕ್ಕ ಯಾಕೆ ಇಟ್ಟೆ, ಯಾವುದನ್ನು ಯಾಕೆ ಹಿಂದಿನ ಕೋಣೆಗೆ ಹಾಕಿದೆ, ಎಲ್ಲವನ್ನೂ ಹೇಳಿದಳು. "ನೀವು ಅತ್ತದ್ದು ನನ್ನ ಅತ್ತೆಯ ಬದುಕು ನೋಡಿ ಅಲ್ಲ. ನಾನು ಹಾಕಿದ ದೀಪ ನೋಡಿ ಅತ್ತಿರಿ. ಹಾಗೆ ಅಳಿಸಬೇಕು ಅಂತಲೇ ಹಾಕಿದ್ದೆ. ನೀವು ಅಳೋದು ನೋಡಿ ನನಗೆ ಖುಷಿ ಆಯ್ತು." ಕೂತವರಲ್ಲಿ ಕೆಲವರು ಕಾಲಿನ ಕಡೆ ನೋಡಿದರು, ಕೆಲವರು ಎದ್ದು ಹೋದರು. ಮೊದಲ ದಿನ ಗಂಗಲಕ್ಷ್ಮಮ್ಮನ ಕೈ ಹಿಡಿದಿದ್ದ ಹೆಂಗಸು ಅಂದೂ ಬಂದಿದ್ದರು. ಅವರು, "ನನ್ನನ್ನ ಮೂರ್ಖಳನ್ನ ಮಾಡಿದ್ರಿ" ಎಂದು ಮೇಘನಳ ಮುಖಕ್ಕೇ ಹೇಳಿ ಹೋದರು.

ಮರುದಿನ ಬಸ್ಸು ಹಿಡಿದು ತ್ಯಾಮಗೊಂಡ್ಲುವಿಗೆ ಹೋದಳು. ಗೋವಿಂದರಾಜು ತೋಟದಲ್ಲಿ ತೆಂಗಿನಕಾಯಿ ಸುಲಿಸುತ್ತಿದ್ದರು. ಕೂರು ಎನ್ನಲಿಲ್ಲ. ಅವಳು ನಿಂತೇ ಎಲ್ಲ ಹೇಳಿದಳು, ಫೋನಿನಲ್ಲಿ ಎರಡೂ ಹಾಳೆ ಸೇರಿದ ಚಿತ್ರವನ್ನು ತೋರಿಸಿದಳು. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ನೀನು ಅವರ ಮನೆ ಹುಡುಗಿ. ಮಾನ ಮುಚ್ಚೋಕೆ ಬಂದಿದ್ದೀಯ ಅಂತ್ಲೂ ಅನ್ಕೋಬೋದು ನಾನು."

"ಅನ್ಕೋಬೋದು. ಆದ್ರೆ ಮಾನ ತೆಗೆದದ್ದೇ ನಾನು. ಅದಕ್ಕೇ ನಾನೇ ಬಂದೆ."

ಗೋವಿಂದರಾಜು ಫೋನು ವಾಪಸು ಕೊಟ್ಟರು. "ಇಷ್ಟು ವರ್ಷದಿಂದ ನೋಡಿದ್ದೀನಿ ಪಿಳ್ಳಪ್ಪನ್ನ. ಒಂದೇ ಒಂದು ಪಟ ನೋಡಿ ಹಾಕಿದ ಎಲೆ ಬಿಟ್ಟು ಬಂದೆ. ನಿನ್ನ ತಪ್ಪು ನೀನು ಹೇಳ್ಕೊಂಡೆ. ನಂದು ನಾನು ಯಾರಿಗೆ ಹೇಳ್ಕೊಳ್ಲಿ?" ಎಂದು ಹೆಂಡತಿಯನ್ನು ಕೂಗಿ ಎಳನೀರು ಕೊಡಲು ಹೇಳಿದರು. ಆ ಶುಕ್ರವಾರವೇ ದೊಡ್ಡಬಳ್ಳಾಪುರಕ್ಕೆ ಬಂದು ಬೀಗರ ಮನೆಯಲ್ಲಿ ಉಂಡರು. ಇಬ್ಬರು ಗಂಡಸರೂ ಆ ವಿಷಯ ಎತ್ತಲಿಲ್ಲ. ನೂಲಿನ ರೇಟು, ತೆಂಗಿನ ರೋಗ, ಮಳೆ ಇವನ್ನೇ ಮಾತಾಡಿದರು.

ಪ್ರದರ್ಶನ ಮುಗಿಯಿತು. ರೀಲು ಮುಗಿಯಲಿಲ್ಲ. ಅದರ ಕೆಳಗೆ ಮೇಘನ ನಿಜ ಏನೆಂದು ಬರೆದಳು. 'ನಿಮಗೆ ಯಾರು ಬೆದರಿಕೆ ಹಾಕಿದರು?' ಎಂದು ಗುರುತಿಲ್ಲದವರು ಕೇಳಿದರು. ಬೆಂಗಳೂರಿನ ಗ್ಯಾಲರಿಯೊಂದು ಮೊದಲಿನ ಜೋಡಣೆಯಲ್ಲೇ ಚಿತ್ರಗಳನ್ನು ಕೇಳಿತು. ಮೇಘನ ಆಗುವುದಿಲ್ಲ ಎಂದಳು. ಗಂಗಲಕ್ಷ್ಮಮ್ಮ ಈಗಲೂ ಬರೆಯುತ್ತಾರೆ. ಬರೆದದ್ದನ್ನು ಮೇಘನ ಕೇಳುವುದಿಲ್ಲ, ಅವರೂ ತೋರಿಸುವುದಿಲ್ಲ.

ಗೌರಿ ಹಬ್ಬಕ್ಕೆ ಪವಿತ್ರ ತವರಿಗೆ ಬಂದಿದ್ದಾಗ ಮೇಘನಳೂ ಬಾಗಿನ ತೆಗೆದುಕೊಂಡು ಹೋದಳು. ಇಬ್ಬರೂ ಜೊತೆಯಲ್ಲೇ ಆಡಿ ಬೆಳೆದವರು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತ ಪವಿತ್ರ ಅವಳ ಕಡೆ ನೋಡದೆ ಹೇಳಿದಳು.

"ನೀನು ಹೇಳಿದ್ದು ನಂಬ್ತೀನಿ ಕಣೇ. ಅಮ್ಮ ಹೇಳಿದ್ದೂ ನಂಬ್ತೀನಿ. ಆದ್ರೆ ಅಪ್ಪ ಸ್ವಲ್ಪ ಜೋರಾಗಿ ಕೂಗಿದ್ರೂ ಸಾಕು, ನನ್ನ ಕಣ್ಣು ಮೊದಲು ಅಮ್ಮನ ಮುಖ ನೋಡತ್ತೆ. ಮುಂಚೆ ಹಂಗಿರ್ಲಿಲ್ಲ. ಅಪ್ಪನಿಗೂ ಅದು ಗೊತ್ತಾಗತ್ತೆ. ಕೂಗೋದೇ ನಿಲ್ಲಿಸಿದ್ದಾರೆ."

ಮನೆ ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು. ಆ ಸದ್ದಿನಲ್ಲಿ ಪಿಳ್ಳಪ್ಪ ಕೂಗದೆ, ಒಳಗಿನಿಂದ ಎದ್ದು ಬಂದು, ಹೆಂಡತಿಯ ಹತ್ತಿರ ನಿಂತು ಮೆಲ್ಲಗೆ ಏನೋ ಕೇಳುತ್ತಿದ್ದರು. ಗಂಗಲಕ್ಷ್ಮಮ್ಮ ಕೇಳಿಸಲಿಲ್ಲ ಎಂದು ಕಿವಿಗೆ ಕೈ ಹಿಡಿದರು. ಅವರು ಮತ್ತೆ ಹೇಳಿದರು, ಅಷ್ಟೇ ಮೆಲ್ಲಗೆ. ಮೇಘನ ಒದ್ದೆ ಸೀರೆಯ ಒಂದು ತುದಿ ಹಿಡಿದುಕೊಂಡು ನಿಂತಿದ್ದಳು. ಪವಿತ್ರ ಇನ್ನೊಂದು ತುದಿಯನ್ನು ಹಗ್ಗದ ಮೇಲೆ ಹಾಕಿ, "ಬಿಡು ಈಗ" ಎಂದಾಗಲೇ ಕೈಬಿಟ್ಟಳು.